ಮೂಲೆಯ ಹಸಿರು ಅಂಕಿ

ನಾನು ಒಂದು ಗ್ರಾಫಿಕ್ಸ್ ಕಾರ್ಡ್. ಗೇಣಿಗಿಂತ ಸ್ವಲ್ಪ ಉದ್ದ, ಇಟ್ಟಿಗೆಗಿಂತ ತೆಳು, ಮೈಮೇಲೆ ಎರಡು ಫ್ಯಾನು. ಕಂಪ್ಯೂಟರಿನ ಡಬ್ಬಿಯೊಳಗೆ ಕೂತು ಪರದೆಯ ಮೇಲಿನ ಚಿತ್ರಗಳನ್ನು ಬಿಡಿಸುವುದು ನನ್ನ ಕೆಲಸ. ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಕೈಗವಸು ತೊಟ್ಟ ಹೆಂಗಸೊಬ್ಬಳು ನನ್ನ ಮೈಗೆ ಕೊನೆಯ ತಿರುಪು ಬಿಗಿದು, ಬೆಳಕಿಗೆ ಹಿಡಿದು ಒಮ್ಮೆ ತಿರುಗಿಸಿ ನೋಡಿ, ಪೆಟ್ಟಿಗೆಗೆ ಹಾಕಿದಳು. ಆ ಒಂದು ತಿರುವಿನಲ್ಲೇ ನಾನು ಪಕ್ಕದ ಸಾಲನ್ನು ನೋಡಿಬಿಟ್ಟೆ. ಅಲ್ಲಿ ಬರುತ್ತಿದ್ದ ಕಾರ್ಡುಗಳಿಗೆ ಮೂರು ಮೂರು ಫ್ಯಾನು, ಅಂಚಿಗೆ ಬಣ್ಣದ ದೀಪ ಬೇರೆ. ಲೋಕವನ್ನು ಕಂಡ ಮೊದಲ ನಿಮಿಷದಲ್ಲೇ ನನಗೆ ಹೊಟ್ಟೆಕಿಚ್ಚು ಬಂತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ಈ ವಯಸ್ಸಿನಲ್ಲಿ ಮುಚ್ಚಿಟ್ಟು ಏನು ಮಾಡಲಿ?

ನನ್ನನ್ನು ಮೊದಲು ಮನೆಗೆ ತಂದವನು ಹುಬ್ಬಳ್ಳಿಯ ಸಂಗಮೇಶ. ಇಪ್ಪತ್ತಮೂರರ ಹುಡುಗ, ಅಪ್ಪನ ಪೇಂಟ್ ಅಂಗಡಿಯಲ್ಲಿ ಬಣ್ಣ ಕಲೆಸುವ ಯಂತ್ರ ನೋಡಿಕೊಳ್ಳುತ್ತಿದ್ದ. ನನ್ನನ್ನು ಪೆಟ್ಟಿಗೆಯಿಂದ ತೆಗೆದಾಗ ಅವನ ಹೆಬ್ಬೆರಳಲ್ಲಿ ಇನ್ನೂ ಹಸಿಯಾಗಿದ್ದ ನೀಲಿ ಬಣ್ಣ ನನ್ನ ಬೆನ್ನಿಗೆ ಬೆರಳಚ್ಚಾಗಿ ಅಂಟಿತು. ಒರೆಸಿದ, ಹೋಗಲಿಲ್ಲ.

ಡಬ್ಬಿಯ ಒಂದು ಬದಿಗೆ ಗಾಜಿತ್ತು. ಮೇಜಿನ ಕೆಳಗಿದ್ದ ನನಗೆ ಅದರಿಂದ ಅವನ ಮೊಣಕಾಲು ಮತ್ತು ಪಾದ ಕಾಣುತ್ತಿದ್ದವು. ಸ್ವಲ್ಪ ಓರೆಯಾಗಿ ನೋಡಿದರೆ ಗಲ್ಲವೂ ಕಾಣುತ್ತಿತ್ತು. ಖುಷಿಯಾದಾಗ ಅವನ ಹಿಮ್ಮಡಿ ನೆಲ ಕುಟ್ಟುತ್ತಿತ್ತು.

ಮೊದಲ ದಿನ ಅದು ತುಂಬ ಹೊತ್ತು ಕುಟ್ಟಿತು. ಯಾಕೆಂದರೆ ಆಟ ಶುರುಮಾಡುವ ಮುಂಚೆಯೇ ಸಂಗಮೇಶ ಒಂದು ಪುಟ್ಟ ತಂತ್ರಾಂಶ ಹಾಕಿದ್ದ. ಅದು ಪರದೆಯ ಎಡ ಮೂಲೆಯಲ್ಲಿ ಹಸಿರು ಬಣ್ಣದ ಒಂದು ಅಂಕಿ ತೋರಿಸುತ್ತಿತ್ತು. ಪರದೆಯ ಮೇಲೆ ಓಡುವುದು ಒಂದೇ ಚಿತ್ರವಲ್ಲ, ಒಂದರ ಬೆನ್ನಿಗೊಂದು ಬರುವ ಬಿಡಿ ಚಿತ್ರಗಳು. ಒಂದೊಂದನ್ನೂ ಫ್ರೇಮ್ ಎನ್ನುತ್ತಾರೆ. ಒಂದು ಸೆಕೆಂಡಿನಲ್ಲಿ ನಾನು ಎಷ್ಟು ಫ್ರೇಮ್ ಬಿಡಿಸಿದೆ ಎಂದು ಆ ಹಸಿರು ಅಂಕಿ ಹೇಳುತ್ತಿತ್ತು. ಹೆಚ್ಚಾದಷ್ಟೂ ಆಟ ನುಣುಪು.

"ಎಷ್ಟ ಬರಾಕತ್ತೈತಿ?" ಎಂದು ಬಾಗಿಲಿನಿಂದಲೇ ಕೇಳಿದವನು ತನ್ವೀರ್, ಸಂಗಮೇಶನ ಬಾಲ್ಯದ ಗೆಳೆಯ. ಹಳೇ ಹುಬ್ಬಳ್ಳಿಯಲ್ಲಿ ಅವನದೊಂದು ಫೋಟೋ ಸ್ಟುಡಿಯೋ.

"ಎಪ್ಪತ್ತೊಂದು!" ಎಂದ ಸಂಗಮೇಶ.

"ಹೌದಾ? ನನ್ನ ಡಬ್ಬಿಯೊಳಗ ಹದಿನೆಂಟು ದಾಟಂಗಿಲ್ಲ ನೋಡು. ಸರಿಯಲೇ, ನಾನೂ ಒಂದ ಕೈ ಆಡ್ತೀನಿ."

ಇಬ್ಬರೂ ಎಂಟನೇ ಇಯತ್ತೆಯಿಂದ ತನ್ವೀರನ ಆ ಹಳೆಯ ಯಂತ್ರದಲ್ಲೇ ಆಡಿದವರು. ಹದಿನೆಂಟು ಫ್ರೇಮಿನಲ್ಲಿ ಮನುಷ್ಯರು ಗೊಂಬೆಗಳ ಹಾಗೆ ತಡವರಿಸಿ ನಡೆಯುತ್ತಿದ್ದರಂತೆ. ಆದರೂ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರಂತೆ. ಈಗ ತನ್ವೀರ್ ಭಾನುವಾರ ಮಧ್ಯಾಹ್ನ ನಮ್ಮಲ್ಲಿಗೆ ಬರತೊಡಗಿದ. ಆಟದಲ್ಲಿ ಅವನ ಕೈ ಸಂಗಮೇಶನಿಗಿಂತ ಚುರುಕು. ಆದರೆ ಎಪ್ಪತ್ತೊಂದು ಸಂಗಮೇಶನದು, ಅಂದರೆ ನನ್ನದು. ಮೊದಲ ಆರು ತಿಂಗಳು ನಾನು ಹೆಮ್ಮೆಯಿಂದ ಬಿಸಿಯಾಗಿಯೇ ಇದ್ದೆ.

ಆಮೇಲೆ ಒಂದು ಭಾನುವಾರ ತನ್ವೀರ್ ಬರಲಿಲ್ಲ. ಫೋನು ಮಾಡಿದ. ಸಂಗಮೇಶ ಸ್ಪೀಕರಿಗೆ ಹಾಕಿದ.

"ಸಂಗ್ಯಾ, ನಾನೂ ಒಂದ ಕಾರ್ಡ್ ತಗೊಂಡ್ನಿ. ಮದವಿ ವಿಡಿಯೋ ಎಡಿಟ್ ಮಾಡಾಕ ಬೇಕಾಗಿತ್ತು. ಸುಮ್ನ ಆ ಗೇಮ್ ಹಚ್ಚಿ ನೋಡಿದ್ನಿ. ನೂರಾ ಮೂವತ್ತು ಬರಾಕತ್ತೈತಲೇ! ನೀ ಬಾ, ನೋಡುವಂತಿ."

ಸಂಗಮೇಶನ ಹಿಮ್ಮಡಿ ನಿಂತಿತು. "ಛಲೋ ಆತು" ಎಂದ. ಫೋನಿಟ್ಟ ಮೇಲೆ ಬಹಳ ಹೊತ್ತು ಗಾಜಿನ ಮೂಲಕ ನನ್ನನ್ನೇ ನೋಡಿದ. ಅವನು ಹಾಗೆ ಬಗ್ಗಿ ನನ್ನ ಮುಖ ನೋಡಿದ್ದು ಅದೇ ಮೊದಲು. ಆ ನೋಟದಲ್ಲಿ ಪ್ರೀತಿ ಇರಲಿಲ್ಲ.

ನನಗೋ ಮೈಯೆಲ್ಲ ಉರಿ. ಕಾಣದ ಆ ಕಾರ್ಡನ್ನು ನಾನು ಮನಸ್ಸಿನಲ್ಲೇ ಬಿಡಿಸಿಕೊಂಡೆ. ಅದಕ್ಕೆ ಮೂರು ಫ್ಯಾನು ಇರಲೇಬೇಕು. ಸದ್ದೇ ಮಾಡುತ್ತಿರಲಿಕ್ಕಿಲ್ಲ. ತನ್ವೀರ್ ಅದನ್ನು ಬೆರಳಲ್ಲಿ ಸವರುತ್ತಿರಬೇಕು.

ಅಂದಿನಿಂದ ಸಂಗಮೇಶ ಆಟ ಆಡುವುದನ್ನು ಹೆಚ್ಚುಕಡಿಮೆ ಬಿಟ್ಟ. ಕೂತರೆ ಅಂಕಿ ನೋಡುತ್ತಿದ್ದ. ಅಂಕಿ ಏರಬೇಕೆಂದು ಆಟದೊಳಗಿನ ಹುಲ್ಲು ತೆಗೆದ. ಎಂಬತ್ತೆರಡಾಯಿತು. ನೆರಳು ತೆಗೆದ, ತೊಂಬತ್ತೈದಾಯಿತು. ಹೊಳೆಯ ನೀರು ಪ್ಲಾಸ್ಟಿಕ್ ಹಾಳೆಯಂತಾಯಿತು, ಮರಗಳು ಕತ್ತರಿಸಿ ಅಂಟಿಸಿದ ರಟ್ಟಿನಂತಾದವು. ನಾನು ಎಷ್ಟು ಚಂದ ಬಿಡಿಸಬಲ್ಲವನಾಗಿದ್ದೆ! ಒಂದೊಂದೇ ಕೈಯಿಂದ ಕಿತ್ತುಕೊಂಡು, ಬರೀ ಬೇಗ ಬೇಗ ಗೀಚು ಎಂದರೆ ಹೇಗಾಗಬೇಡ? ಆದರೂ ಗೀಚಿದೆ. ನನಗೂ ಆ ನೂರಾ ಮೂವತ್ತು ಬೇಕಾಗಿತ್ತು.

ನೂರಾ ಹನ್ನೆರಡಕ್ಕೆ ನಿಂತುಬಿಟ್ಟೆ. ಅದಕ್ಕಿಂತ ಮೇಲೆ ಹೋಗಲಾಗಲಿಲ್ಲ.

ಆಗ ಅವನಿಗೆ ಒಂದು ಉಪಾಯ ಹೊಳೆಯಿತು. ಆಟದೊಳಗಿನ ತನ್ನ ಸೈನಿಕನನ್ನು ಬಯಲಿನಲ್ಲಿ ನಿಲ್ಲಿಸಿ, ತಲೆ ಎತ್ತಿಸಿ, ಆಕಾಶ ನೋಡಿಸಿದ. ಮನೆಯಿಲ್ಲ, ಮರವಿಲ್ಲ, ಮನುಷ್ಯರಿಲ್ಲ. ಬರೀ ನೀಲಿ ಬಣ್ಣ ಬಿಡಿಸುವುದು ಯಾವ ಕಾರ್ಡಿಗೆ ಕಷ್ಟ? ಅಂಕಿ ಹಾರಿ ನೂರಾ ಐವತ್ತಾರಕ್ಕೆ ಹೋಯಿತು. ಸಂಗಮೇಶ ಮೊಬೈಲಿನಲ್ಲಿ ಮೂಲೆಯ ಫೋಟೋ ತೆಗೆದು ತನ್ವೀರನಿಗೆ ಕಳಿಸಿದ. ಜತೆಗೆ ಬರೆದದ್ದನ್ನು ತಾನೇ ಗಟ್ಟಿಯಾಗಿ ಓದಿಕೊಂಡ: "ಸೆಟ್ಟಿಂಗ್ ಸರಿ ಮಾಡಿದ್ನಿ. ನೋಡು ಈಗ."

ಅದು ಸುಳ್ಳು ಎಂದು ನನಗೆ ಗೊತ್ತಿತ್ತು. ಆದರೂ ಆ ಸಂಜೆ ನನ್ನಷ್ಟು ಸುಖಿ ಬೇರೆ ಯಾರೂ ಇರಲಿಲ್ಲ.

ಮರುದಿನ ತನ್ವೀರ್ ಬಂದ. ಸ್ಟೂಲು ಎಳೆದುಕೊಂಡು ಕೂತ. ಸಂಗಮೇಶನ ಅವ್ವ ಕೊಟ್ಟ ಚಹಾ ಕುಡಿದ. ಆಮೇಲೆ ಮೆಲ್ಲಗೆ ಕೇಳಿದ, "ಯಾಕಲೇ, ಮುಗಿಲು ನೋಡ್ಕೊಂತ ನಿಂತಿದ್ದಿ?"

"ಏನ್ ಮುಗಿಲು?"

"ಫೋಟೋ ತಗಿಯೋದು ನನ್ನ ದಂಧೆ ಸಂಗ್ಯಾ. ಅಂಕಿ ಹಿಂದ ಏನೈತಿ ಅಂತ ನನಗ ಕಾಣಂಗಿಲ್ಲೇನು?" ಎಂದು ಅವನು ನಕ್ಕ. ಚುಚ್ಚುವ ನಗುವಾಗಿರಲಿಲ್ಲ ಅದು. ಭುಜ ತಟ್ಟಿ, "ಹೋಗ್ಲಿ ಬಿಡು. ಮುಂದಿನ ರವಿವಾರ ಟೂರ್ನಮೆಂಟ್ ಐತಿ, ಇಬ್ಬರ ಟೀಮು. ಹೆಸರ ಕೊಟ್ಟೀನಿ. ಪ್ರಾಕ್ಟೀಸ್ ಮಾಡು" ಎಂದು ಹೇಳಿ ಹೋದ.

ಬೈದಿದ್ದರೆ ಸಂಗಮೇಶ ಮರೆಯುತ್ತಿದ್ದನೇನೋ. ತನ್ವೀರ್ ಮನ್ನಿಸಿಬಿಟ್ಟನಲ್ಲ, ಅದು ಅವನಿಗೆ ಅರಗಲಿಲ್ಲ.

ಪಂದ್ಯ ನಡೆದದ್ದು ಒಂದು ಸಮುದಾಯ ಭವನದಲ್ಲಿ, ಬೆಳಿಗ್ಗೆ. ಎಲ್ಲರೂ ತಂತಮ್ಮ ಯಂತ್ರ ಹೊತ್ತು ತಂದಿದ್ದರು. ಅಲ್ಲಿ ನನ್ನನ್ನು ತನ್ವೀರನ ಡಬ್ಬಿಯ ಪಕ್ಕದಲ್ಲೇ ಇಟ್ಟರು. ಗಾಜಿಗೆ ಗಾಜು ಎದುರಾಯಿತು. ಕೊನೆಗೂ ಅದನ್ನು ಕಂಡೆ. ಮೂರು ಫ್ಯಾನು, ಕಪ್ಪು ಮೈ, ಒಂದು ಗೀರೂ ಇಲ್ಲ. ಅದರ ಪರದೆಯ ಮೂಲೆಯಲ್ಲಿ ಅಂಕಿಯೇ ಇರಲಿಲ್ಲ. ತನ್ವೀರ್ ಅದನ್ನು ಹಾಕಿಕೊಂಡೇ ಇರಲಿಲ್ಲ.

ಸಭಾಂಗಣದ ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ತನ್ವೀರನ ಅಬ್ಬಾ ಬಂದು ಕೂತದ್ದು ನನಗೆ ಕಂಡಿತು. ಮೌಲಾಸಾಬ್ ಎಂದು ಅವರ ಹೆಸರು. ಮೂವತ್ತೊಂದು ವರ್ಷ ಹುಬ್ಬಳ್ಳಿಯಿಂದ ಅಂಕೋಲೆಗೆ ಬಸ್ಸು ಓಡಿಸಿದವರು. ಸಕ್ಕರೆ ಕಾಯಿಲೆ ಅವರ ಎಡಗಣ್ಣನ್ನು ಪೂರ್ತಿ ತೆಗೆದುಕೊಂಡು ಬಲಗಣ್ಣನ್ನು ಮಂಜು ಮಾಡಿತ್ತು. ನಿವೃತ್ತಿಗೆ ಮೂರು ವರ್ಷ ಇರುವಾಗಲೇ ಸ್ಟಿಯರಿಂಗ್ ಬಿಡಬೇಕಾಯಿತು. ಅವರು ಬಂದದ್ದನ್ನು ಸಂಗಮೇಶ ನೋಡಲಿಲ್ಲ.

ಎರಡು ಸುತ್ತು ಗೆದ್ದರು. ಮೂರನೆಯದರಲ್ಲಿ ಆಟ ಒಂದು ಪಾಳು ಗೋದಾಮಿನೊಳಗೆ. ತನ್ವೀರ್ ಮಹಡಿಯ ಮೇಲೆ, ಸಂಗಮೇಶ ಬಾಗಿಲು ಕಾಯಬೇಕು. ಎದುರಾಳಿಗಳು ಹೊಗೆಬಾಂಬು ಎಸೆದರು. ಹೊಗೆ ಬಿಡಿಸುವುದು ನಮ್ಮ ಕೆಲಸದಲ್ಲೇ ಅತಿ ಕಷ್ಟದ್ದು. ನನ್ನ ಅಂಕಿ ನೂರರಿಂದ ಅರವತ್ತಕ್ಕೆ, ಅಲ್ಲಿಂದ ನಲವತ್ತೆಂಟಕ್ಕೆ ಕುಸಿಯಿತು. ಸಂಗಮೇಶನ ಕಣ್ಣು ಮೂಲೆಗೆ ಹೋಯಿತು. ಪಕ್ಕದ ಪರದೆಯಲ್ಲಿ ಅದೇ ಹೊಗೆ ಹಾಲಿನಂತೆ ಹರಿಯುತ್ತಿರುವುದನ್ನು ಓರೆಗಣ್ಣಿನಿಂದ ನೋಡಿದ. ನಿಜ ಹೇಳುತ್ತೇನೆ, ಆ ಹೊತ್ತಿಗೆ ನನ್ನ ಲಕ್ಷ್ಯವೂ ಬಾಗಿಲಿನ ಮೇಲೆ ಇರಲಿಲ್ಲ, ಆ ಮೂರು ಫ್ಯಾನಿನ ಮೇಲಿತ್ತು.

"ಸಂಗ್ಯಾ, ಬಾಗಲಾ! ಬಾಗಲಾ ನೋಡಲೇ!" ಎಂದು ತನ್ವೀರ್ ಕೂಗಿದ.

ಎದುರಾಳಿ ಆಗಲೇ ಒಳಗೆ ಬಂದಾಗಿತ್ತು. ಸಂಗಮೇಶ ಸತ್ತ. ಒಬ್ಬನೇ ಉಳಿದ ತನ್ವೀರನೂ ಅರೆನಿಮಿಷದಲ್ಲಿ ಬಿದ್ದ.

ಸಂಗಮೇಶ ಎದ್ದು ನಿಂತು ನನ್ನ ಡಬ್ಬಿಯನ್ನು ಪಾದದಿಂದ ತಳ್ಳಿದ. "ಇದರಿಂದನ ಆತು. ದರಿದ್ರ ಕಾರ್ಡ್. ನಿನ್ನಂಗ ನನಗೂ ಇದ್ದಿದ್ರ ಗೊತ್ತಾಗತಿತ್ತು."

"ಕಾರ್ಡ್ ಏನ್ ಮಾಡೇತಿ? ಮುಂದ ಬಂದು ನಿಂತ ಮನಷ್ಯಾ ನಿನಗ ಕಾಣಲಿಲ್ಲ. ನಿನ್ನ ಕಣ್ಣ ಮೂಲ್ಯಾಗ ಇದ್ದವು."

"ಕಣ್ಣಿನ ಮಾತ ನೀ ಆಡಬ್ಯಾಡ" ಎಂದ ಸಂಗಮೇಶ. ಅವನ ದನಿ ಭವನದ ತುಂಬ ಕೇಳಿತು. "ನಿಮ್ಮಪ್ಪನಂಗ ನಾನೇನ ಕುರಡಲ್ಲ!"

ತನ್ವೀರ್ ವೈರು ಬಿಚ್ಚಿ ಸುತ್ತಿಕೊಂಡ. ಡಬ್ಬಿಯನ್ನು ಎದೆಗವಚಿಕೊಂಡು ಎತ್ತಿ ಹೊರಟ. ಹಿಂದಿನ ಸಾಲಿನ ಕುರ್ಚಿ ಖಾಲಿಯಾಗಿತ್ತು.

ಆ ವಾರವೇ ಸಂಗಮೇಶ ನನ್ನನ್ನು ಡಬ್ಬಿಯಿಂದ ಕಿತ್ತ. ಮೇಜಿನ ಮೇಲೆ ಹೊಸದೊಂದು ಪೆಟ್ಟಿಗೆ ಇತ್ತು. ಅದರ ಚಿತ್ರದಲ್ಲಿದ್ದ ಕಾರ್ಡು ತನ್ವೀರನದಕ್ಕಿಂತಲೂ ದಪ್ಪ. ನನ್ನ ಜಾಗದಲ್ಲಿ ಅದು ಕೂರುವುದನ್ನು ನೋಡುವ ಕಷ್ಟ ನನಗೆ ಬರಲಿಲ್ಲ. ಅಷ್ಟರೊಳಗೆ ನನ್ನನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ, ಹಳೇ ಕಂಪ್ಯೂಟರ್ ಸಾಮಾನು ಮಾರುವ ಒಂದು ಅಂಗಡಿಗೆ ಕೊಟ್ಟಾಗಿತ್ತು.

ಅಲ್ಲಿಯ ಗಾಜಿನ ಕಪಾಟಿನಲ್ಲಿ ನಾಲ್ಕು ತಿಂಗಳು ಕಳೆದೆ. ಬಂದವರೆಲ್ಲ ನನ್ನ ಹೆಸರು ಓದಿ, ಮೊಬೈಲಿನಲ್ಲಿ ಏನೋ ಹುಡುಕಿ, "ಇದು ಎಷ್ಟ ಎಫ್‌ಪಿಎಸ್ ಕೊಡ್ತೈತ್ರಿ?" ಎಂದು, ಅಂದರೆ ಸೆಕೆಂಡಿಗೆ ಎಷ್ಟು ಫ್ರೇಮ್ ಎಂದು ಕೇಳಿ, ಉತ್ತರ ಸಿಕ್ಕ ಮೇಲೆ ಮುಂದೆ ಹೋಗುತ್ತಿದ್ದರು. ನನ್ನ ಪಕ್ಕದಲ್ಲಿದ್ದವು ಒಂದೊಂದಾಗಿ ಮಾರಾಟವಾದವು. ಪ್ರತಿಯೊಂದು ಹೋದಾಗಲೂ ಹೊಟ್ಟೆ ಉರಿಯಿತು.

ಒಂದು ಮಧ್ಯಾಹ್ನ ತನ್ವೀರ್ ಬಂದ. ಅವನನ್ನು ನೋಡಿ ನಾನು ಮುಖ ಮುಚ್ಚಿಕೊಳ್ಳಬೇಕೆಂದುಕೊಂಡೆ. ಕಾರ್ಡಿಗೆ ಕೈಯೆಲ್ಲಿ?

"ಒಂದ ಸಾದಾ ಕಾರ್ಡ್ ಬೇಕ್ರಿ. ಅಬ್ಬಾಗ ಬಸ್ಸಿನ ಗೇಮ್ ಹಾಕಿ ಕೊಡಬೇಕಂತ ಮಾಡೀನಿ. ಮನ್ಯಾಗ ಸುಮ್ನ ಗ್ವಾಡಿ ನೋಡ್ಕೊಂತ ಕುಂದರ್ತಾರ."

ಅಂಗಡಿಯವರು ನನ್ನನ್ನು ಕೈಗೆ ಕೊಟ್ಟರು. ಅವನು ತಿರುಗಿಸಿದ. ಬೆನ್ನ ಮೇಲಿನ ನೀಲಿ ಹೆಬ್ಬೆರಳಚ್ಚು ಕಂಡಿತು. ಅವನ ಕೈ ಅಲ್ಲೇ ನಿಂತಿತು. ವಾಪಸು ಇಟ್ಟ. ಬೇರೆ ಎರಡು ಕಾರ್ಡು ನೋಡಿದ. ಬಾಗಿಲ ತನಕ ಹೋದ. ಮತ್ತೆ ತಿರುಗಿ ಬಂದು, "ಇದ್ನ ಕೊಡ್ರಿ" ಎಂದ.

ಹೀಗೆ ನಾನು, ಯಾವುದನ್ನು ನೆನೆದು ತಿಂಗಳುಗಟ್ಟಲೆ ಉರಿದಿದ್ದೆನೋ ಅದರ ಎದುರಲ್ಲೇ ಬಂದು ಕೂತೆ. ಸ್ಟುಡಿಯೋದ ಒಂದು ಮೇಜಿನ ಕೆಳಗೆ ತನ್ವೀರನ ಎಡಿಟಿಂಗ್ ಯಂತ್ರ, ಎದುರಿನ ಮೇಜಿನ ಕೆಳಗೆ ನಾನಿದ್ದ ಅಬ್ಬಾರ ಯಂತ್ರ. ದಿನವಿಡೀ ನೋಡಿದೆ. ಮೂರು ಫ್ಯಾನಿನ ಅದಕ್ಕೆ ಒಂದು ಗಳಿಗೆ ಬಿಡುವಿರಲಿಲ್ಲ. ಮದುವೆ, ಸೀಮಂತ, ನಿಕಾಹ್, ಗೃಹಪ್ರವೇಶ, ಒಂದಾದ ಮೇಲೊಂದು ವಿಡಿಯೋ ಅರೆಯುತ್ತಿತ್ತು. ಆಟವನ್ನು ಅದು ಮುಟ್ಟಿಯೇ ಎಷ್ಟೋ ತಿಂಗಳಾಗಿತ್ತು. ನಾನೊಬ್ಬ ಇದ್ದೇನೆಂಬುದು ಅದಕ್ಕೆ ತಿಳಿದೇ ಇರಲಿಲ್ಲ. ನನ್ನ ಅಷ್ಟೂ ಹೊಟ್ಟೆಕಿಚ್ಚಿನ ಸುದ್ದಿ ಅದರ ತನಕ ಮುಟ್ಟಿರಲಿಲ್ಲ. ಅದರಿಂದ ಸಮಾಧಾನ ಆಗಬೇಕಿತ್ತು. ಇನ್ನಷ್ಟು ಕೆಟ್ಟೆನಿಸಿತು.

ತನ್ವೀರ್ ಎಲ್ಲಿಂದಲೋ ಹಳೆಯ ಸ್ಟಿಯರಿಂಗ್ ಚಕ್ರ ತಂದು ಮೇಜಿಗೆ ಬಿಗಿದ. ನಮ್ಮ ಕಡೆಯದರಂಥ ಕೆಂಪು ಬಸ್ಸು ಆಟದೊಳಗೆ ಸಿಕ್ಕಿತು. ಮೌಲಾಸಾಬ್ ಮೊದಲ ದಿನ ಹತ್ತು ನಿಮಿಷ ಓಡಿಸಿ, ಹಣೆ ಹಿಡಿದುಕೊಂಡು ಇಳಿದುಬಿಟ್ಟರು.

"ತಲಿ ತಿರಗತೈತಿ. ಗಾಡಿ ಜಗ್ಗತೈತಿ. ಒಮ್ಮೆ ಓಡತೈತಿ, ಒಮ್ಮೆ ನಿಂದರತೈತಿ."

ತನ್ವೀರ್ ಆಗ ಆ ಹಸಿರು ಅಂಕಿಯನ್ನು ಮೂಲೆಗೆ ಹಾಕಿದ. ನನಗೆ ಎದೆ ಹಾರಿತು. ಅಂಕಿ ಅರವತ್ತೈದಕ್ಕೆ ಹೋಗುತ್ತಿತ್ತು, ಘಾಟಿನ ತಿರುವಿನಲ್ಲಿ ಮೂವತ್ತಮೂರಕ್ಕೆ ಬೀಳುತ್ತಿತ್ತು. ಈ ಏರಿಳಿತದಿಂದಲೇ ಅವರಿಗೆ ತಲೆ ಸುತ್ತುತ್ತಿತ್ತು. ಬಸ್ಸಿನ ಎರಡು ಕನ್ನಡಿಗಳೇ ನನ್ನ ಶಕ್ತಿಯ ಅರ್ಧ ತಿನ್ನುತ್ತಿದ್ದವು, ಯಾಕೆಂದರೆ ಹಿಂದಿನ ರಸ್ತೆಯನ್ನೂ ನಾನು ಅವುಗಳೊಳಗೆ ಬೇರೆಯಾಗಿ ಬಿಡಿಸಬೇಕು. ತನ್ವೀರ್ ಕನ್ನಡಿಗಳನ್ನು ಮಸುಕು ಮಾಡಿದ.

"ಕನ್ನಡಿಗೆ ಕೈ ಹಚ್ಚಬ್ಯಾಡ" ಎಂದರು ಅಬ್ಬಾ. "ಗಿಡಾ ಬ್ಯಾಡ, ಗುಡ್ಡಾ ಬ್ಯಾಡ, ಏನ್ ಬೇಕಾರ ತಗಿ. ಕನ್ನಡಿ ಇಲ್ದ ನಾ ಗಾಡಿ ಹೊಡಿಯಂಗಿಲ್ಲ."

ಕೊನೆಗೆ ತನ್ವೀರ್ ಕನ್ನಡಿಗಳನ್ನು ಮೊದಲಿನಂತೆ ಮಾಡಿ, ನನ್ನನ್ನು ಮೂವತ್ತಕ್ಕೆ ಕಟ್ಟಿಹಾಕಿದ. ಎಲ್ಲಿ ಹೋದರೂ ಮೂವತ್ತು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಆಮೇಲೆ ಅಂಕಿಯನ್ನು ಆರಿಸಿದ. ನನಗಾದ ಅವಮಾನ ಕೇಳಬೇಡಿ! ನೂರಾ ಐವತ್ತಾರು ಕಂಡವನು ನಾನು. ಆದರೆ ಮೌಲಾಸಾಬರ ತಲೆಸುತ್ತು ಅಂದೇ ನಿಂತಿತು. ದಿನಾ ಬೆಳಿಗ್ಗೆ ಹತ್ತಕ್ಕೆ ಬಂದು, ಸ್ಟಿಯರಿಂಗನ್ನು ಮೆತ್ತನೆ ಬಟ್ಟೆಯಿಂದ ಒರೆಸಿ ಕೂರುತ್ತಿದ್ದರು. ಆಟದ ರಸ್ತೆ ಯಾವುದೋ ದೇಶದ್ದು. ಅವರು ಮಾತ್ರ "ಕಲಘಟಗಿ ಬಂತು", "ಯಲ್ಲಾಪುರದಾಗ ಚಾ ಕುಡಿಯೋಣು", "ಇದು ಅರಬೈಲ ಘಾಟು, ಹುಷಾರು" ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ಆ ಚಕ್ರಕ್ಕೆ ಸಿಗುತ್ತಿದ್ದ ಒರೆಸುವಿಕೆ ನನಗೆ ಸಿಗಲಿಲ್ಲ. ಅದರ ಮೇಲೂ ಹೊಟ್ಟೆಕಿಚ್ಚುಪಟ್ಟೆ.

ಅವರಿಗೆ ಒಂದೇ ತೊಂದರೆ. ಎಡಗಡೆ ಕಾಣುತ್ತಿರಲಿಲ್ಲ. ತಿರುವಿನಲ್ಲಿ ಪ್ರತಿ ಸಲ ಬಸ್ಸಿನ ಎಡಗಾಲಿ ರಸ್ತೆ ಅಂಚಿನ ಕಟ್ಟೆಗೆ ಉಜ್ಜುತ್ತಿತ್ತು. ಆಗ ಬಸ್ಸು ನಿಲ್ಲಿಸಿ ತಲೆ ತಗ್ಗಿಸುತ್ತಿದ್ದರು.

ಅಂಥ ಒಂದು ಬೆಳಿಗ್ಗೆ ಬಾಗಿಲಲ್ಲಿ ಯಾರೋ ನಿಂತರು. ತನ್ವೀರ್ ಯಾವುದೋ ನಾಮಕರಣಕ್ಕೆ ಹೋಗಿದ್ದ. ಆ ಪಾದಗಳನ್ನು ನಾನು ಕೂಡಲೇ ಗುರುತಿಸಿದೆ.

"ಯಾರು?" ಎಂದರು ಮೌಲಾಸಾಬ್.

"ನಾ ಚಾಚಾ, ಸಂಗಮೇಶ." ಹೊಸ್ತಿಲಲ್ಲೇ ಚಪ್ಪಲಿ ಬಿಟ್ಟ. "ಪಾಸ್‌ಪೋರ್ಟ್ ಸೈಜ್ ಫೋಟೋ ಬೇಕಾಗಿತ್ತು."

ಊರಲ್ಲಿ ಸ್ಟುಡಿಯೋಗಳಿಗೆ ಬರವಿರಲಿಲ್ಲ. ಅದು ಮೂವರಿಗೂ ಗೊತ್ತಿತ್ತು, ನನ್ನನ್ನೂ ಸೇರಿಸಿ.

"ತನ್ವೀರ ಬರ್ತಾನ, ಕುಂದ್ರು."

ಸಂಗಮೇಶ ಕೂರಲಿಲ್ಲ. "ಚಾಚಾ, ಅವತ್ತ ಟೂರ್ನಮೆಂಟಿನ್ಯಾಗ ನಾ ಒಂದ ಮಾತ ಆಡಿದ್ನಿ. ತನ್ವೀರ ನಿಮಗ ಹೇಳಿರಬೇಕು."

"ಅವ ಏನೂ ಹೇಳಿಲ್ಲ."

ಸಂಗಮೇಶ ಉಸಿರು ಬಿಟ್ಟ.

"ನಾನ ಅಲ್ಲಿ ಹಿಂದ ಕುಂತಿದ್ನಿ" ಎಂದರು ಮೌಲಾಸಾಬ್, ರಸ್ತೆಯಿಂದ ಮುಖ ತಿರುಗಿಸದೆ. "ಕಣ್ಣಷ್ಟ ಮಂದ ಆಗ್ಯಾವಪಾ. ಕಿವಿ ಛಲೋ ಅದಾವು."

ಸಂಗಮೇಶನ ಕಾಲ್ಬೆರಳುಗಳು ನೆಲವನ್ನು ಒತ್ತಿ ಹಿಡಿದಿದ್ದವು. "ತಪ್ಪಾತು ಚಾಚಾ" ಎಂದ, ಅಷ್ಟು ಸಣ್ಣ ದನಿಯಲ್ಲಿ ಅವನು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. "ನನ್ನ ಹೊಸಾ ಕಾರ್ಡ್ ನೂರಾ ಅರವತ್ತು ಕೊಡತೈತಿ. ಎಷ್ಟ ಬರಾಕತ್ತೈತಿ ಅಂತ ಕೇಳಾಕ ಒಬ್ಬರೂ ಬರಂಗಿಲ್ಲ."

ಮೌಲಾಸಾಬ್ ಬ್ರೇಕು ಹಾಕಿದರು. ಎಡಗಡೆಯ ಸ್ಟೂಲನ್ನು ಕೈಯಿಂದ ತಡವಿ ಮುಂದಕ್ಕೆ ತಳ್ಳಿದರು.

"ಇಲ್ಲಿ ಕುಂದ್ರು. ಮುಂದ ಘಾಟ ಐತಿ. ಎಡಗನ್ನಡಿ ನನಗ ಕಾಣಂಗಿಲ್ಲ. ನೋಡಿ ಹೇಳು."

ಸಂಗಮೇಶ ಕೂತ. ಹಳೆಯ ಚಟಕ್ಕೆ ಅವನ ಬೆರಳು ಕೀಲಿಮಣೆಗೆ ಹೋಗಿ ಹಸಿರು ಅಂಕಿಯನ್ನು ತೆರೆಯಿತು. ಮೂವತ್ತು. ಅವನು ಬಗ್ಗಿ ಡಬ್ಬಿಯೊಳಗೆ ನೋಡಿದ. ನನ್ನ ಬೆನ್ನಿನ ನೀಲಿ ಹೆಬ್ಬೆರಳಚ್ಚನ್ನು ಕಂಡ.

"ಆ ನಂಬರ್ ತಗಿಯಲೇ" ಎಂದಿತು ಬಾಗಿಲಿನ ದನಿ. ಕ್ಯಾಮೆರಾ ಚೀಲ ಹೆಗಲಿಗಿದ್ದ ತನ್ವೀರ್. "ಎಡಗನ್ನಡಿ ಮುಚ್ಚತೈತಿ."

ಸಂಗಮೇಶ ತೆಗೆದ. ತನ್ವೀರ್ ಒಳಗೆ ಬಂದು ಚೀಲ ಇಳಿಸಿದ. ಬಸ್ಸು ಘಾಟಿಗಿಳಿಯಿತು.

"ಬರ್ರಿ ಚಾಚಾ, ಬರ್ರಿ... ಇನ್ನೊಂದ ಗೇಣ ಐತಿ... ಸ್ವಲ್ಪ ಬಲಕ್ಕ... ರೈಟ್, ರೈಟ್!"

ಎಡಗಾಲಿ ಕಟ್ಟೆಗೆ ಮುಟ್ಟದೆ ತಿರುಗಿತು. ಮೌಲಾಸಾಬ್ ನಕ್ಕರು. "ಮೂವತ್ತೊಂದ ವರ್ಷದಾಗ ಇಂಥಾ ಕಂಡಕ್ಟರ್ ಸಿಕ್ಕಿದ್ದಿಲ್ಲ" ಎಂದರು. ತನ್ವೀರನ ಮುಖ ನನಗೆ ಕಾಣಲಿಲ್ಲ. ಚಹಾ ತರಲು ಹೋದವನು ಮೂರು ಲೋಟ ತಂದದ್ದು ಮಾತ್ರ ಕಂಡಿತು.

ಆಮೇಲೆ ಎರಡು ವರ್ಷ ಓಡಿದೆ. ಒಂದು ಫ್ಯಾನು ಮೊದಲು ಕರಕರ ಎಂದು, ಆಮೇಲೆ ನಿಂತಿತು. ಘಾಟಿನಲ್ಲಿ ಮೂವತ್ತೂ ಆಗದೆ ಪರದೆ ಕಪ್ಪಾಯಿತು. ಮರುದಿನ ಸಂಗಮೇಶ ಒಂದು ದಪ್ಪ ಕಾರ್ಡು ಹಿಡಿದು ಬಂದ. "ಮನ್ಯಾಗ ಧೂಳ ತಿನ್ನಾಕತ್ತಿತ್ತು, ಚಾಚಾನ ಗಾಡಿಗೆ ಇರಲಿ" ಎಂದ. ಅದು ಅವನ ಮನೆಯಲ್ಲಿ ನನ್ನ ಜಾಗ ಕಸಿದದ್ದೇ. ಎರಡನೆಯ ಸಲವೂ ಕಸಿಯಿತು.

ಈಗ ನಾನು ಸ್ಟುಡಿಯೋದ ಕಬ್ಬಿಣದ ಬೀರುವಿನಲ್ಲಿದ್ದೇನೆ, ರೀಲು ಹಾಕುವ ಕಾಲದ ಕ್ಯಾಮೆರಾಗಳ ಜೊತೆ. ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ, ಹೊರಗಿನ ಮಾತು ಕೇಳುತ್ತದೆ. ಭಾನುವಾರ ಬಸ್ಸು ಹೊರಡುತ್ತದೆ. ಹೊಟ್ಟೆಕಿಚ್ಚು ಹೋಗಿಲ್ಲ. ಹೋಗುತ್ತದೆ ಎಂದು ಯಾರಿಗೂ ನಾನು ಮಾತು ಕೊಡಲಾರೆ. ಆದರೆ ಆ ದಪ್ಪ ಕಾರ್ಡು ಎಷ್ಟು ಫ್ರೇಮ್ ಕೊಡುತ್ತಿದೆ ಎಂದು ತಿಳಿಯುವ ಆಸೆ ಈಗ ಇಲ್ಲ. ಮೌಲಾಸಾಬರ ಬಲಗಣ್ಣು ಇನ್ನಷ್ಟು ಮಂಜಾಗಿದೆ. "ಎಡಗಡೆ?" ಎಂದು ಕೇಳುತ್ತಾರೆ. ಈಗೀಗ "ಬಲಗಡೆ?" ಎಂದೂ ಕೇಳುತ್ತಾರೆ. ಒಂದು ಕಡೆಯಿಂದ ಸಂಗಮೇಶ, ಇನ್ನೊಂದು ಕಡೆಯಿಂದ ತನ್ವೀರ್ ನೋಡಿ ಹೇಳುತ್ತಾರೆ. ಅವರು ನೋಡುತ್ತಿರುವ ಆ ಎರಡು ಕನ್ನಡಿಗಳನ್ನು ಬಿಡಿಸುತ್ತಿರುವುದು ನಾನಲ್ಲವಲ್ಲ ಎಂದು ಈ ಕತ್ತಲಲ್ಲಿ ಮೈಯುರಿಯುತ್ತದೆ.